ಎಣ್ಣೆ ಎಲ್ಲಿ ಹೋಯಿತು? ತಂಪು ಕೋಣೆಯ ಇಂಗ್ಲಿಷ್ ಚೀಟಿ ಓದುವ ಬಗೆ

2022ರ ಜೂನಿನಲ್ಲಿ ನಮ್ಮ ಕೈಗೆ ಬಂದ ಚೀಟಿಯಲ್ಲಿ ನಾಲ್ಕೇ ಸಾಲು ಇದ್ದವು. ‘ಕಂಪ್ರೆಸರ್ ಸೀಜ್ಡ್ ಡ್ಯೂ ಟು ಪೂರ್ ಆಯಿಲ್ ರಿಟರ್ನ್. ಆಯಿಲ್ ಲಾಗಿಂಗ್ ಇನ್ ಇವ್ಯಾಪೊರೇಟರ್. ಆಯಿಲ್ ಟ್ರ್ಯಾಪ್ ನಾಟ್ ಪ್ರೊವೈಡೆಡ್. ನಾಟ್ ಕವರ್ಡ್ ಅಂಡರ್ ವಾರಂಟಿ.’ ಕೊನೆಯ ಸಾಲು ಮಾತ್ರ ಥಟ್ಟನೆ ಅರ್ಥವಾಯಿತು. ಹೊಸ ಕಂಪ್ರೆಸರಿನ ರೊಕ್ಕ ನೀವೇ ಕೊಡಬೇಕು ಅಂತ.

ಅದಕ್ಕೆ ಎರಡು ತಿಂಗಳ ಮೊದಲು, ಏಪ್ರಿಲ್‌ನಲ್ಲಿ ಮೊದಲನೇ ಕಂಪ್ರೆಸರ್ ಸುಟ್ಟಾಗಲೂ ಒಂದು ಚೀಟಿ ಬಂದಿತ್ತು. ಅದರಲ್ಲಿ ‘ಆಯಿಲ್ ಟ್ರ್ಯಾಪ್ ಟು ಬಿ ಪ್ರೊವೈಡೆಡ್ ಬೈ ಕಸ್ಟಮರ್’ ಎಂದಿತ್ತು. ಹೊಸ ಕಂಪ್ರೆಸರನ್ನು ಪುಕ್ಕಟೆ ಹಾಕಿಕೊಟ್ಟರಲ್ಲ ಎಂಬ ಖುಷಿಯಲ್ಲಿ ಆ ಚೀಟಿ ಮಡಚಿ ಅಂಗಿ ಜೇಬಿಗೆ ಹಾಕಿಕೊಂಡಿದ್ದೆ. ಓದಿದ್ದರೂ ತಿಳಿಯುತ್ತಿತ್ತೇ ಎಂಬುದು ಬೇರೆ ಮಾತು. ಆ ಒಂದು ಸಾಲಿನ ಬೆಲೆ 38,000 ರೂಪಾಯಿ ಮತ್ತು ಒಂದು ಕೋಣೆ ತುಂಬ ಹಣ್ಣು. ಇತ್ತೀಚೆಗೆ ನಮ್ಮ ಭಾಗದಲ್ಲಿ ಚಿಕ್ಕ ಚಿಕ್ಕ ತಂಪು ಕೋಣೆ, ಹಣ್ಣು ಮಾಗಿಸುವ ಕೋಣೆ ಕಟ್ಟುವವರು ಹೆಚ್ಚಾಗಿದ್ದಾರೆ. ಅವರಿಗೆ ಉಪಯೋಗವಾದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ದಪ್ಪ ಪೈಪು ಹಾಕಿಸಿದ ಜಾಣತನ

ನಮ್ಮದು ಕಮಲಾಪುರ, ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸಿಗುವ ಊರು. ಭೌಗೋಳಿಕ ಗುರುತು ಪಡೆದ ಇಲ್ಲಿನ ಕೆಂಪು ಬಾಳೆಯ ಹೆಸರು ನೀವು ಕೇಳಿರಬಹುದು. ನೆಟ್ಟ ಮೇಲೆ ಗೊನೆ ಕಡಿಯಲು ಹೆಚ್ಚು ಕಡಿಮೆ ಒಂದೂವರೆ ವರ್ಷ ಕಾಯಬೇಕು. ಶ್ರೀಮಂತರ ಹಣ್ಣು ಅಂತ ಕರೆಯುತ್ತಾರೆ. ತಿನ್ನುವವರ ಮಾತು ಅದು, ಬೆಳೆದು ಶ್ರೀಮಂತರಾದವರನ್ನು ನಾನು ಕಂಡಿಲ್ಲ.

ಕಾಯಿಯನ್ನೇ ಮಾರಿದರೆ ವ್ಯಾಪಾರಿ ಹೇಳಿದ ದರ. ನಾವೇ ಮಾಗಿಸಿ ಮಾರೋಣ ಅಂತ 2021ರಲ್ಲಿ ನಾನು ಮತ್ತು ನಮ್ಮ ಭಾವ ಸೇರಿ ಕಲಬುರಗಿ ನಗರದಲ್ಲಿ ನೆಲಮಹಡಿಯ ಒಂದು ಗೋದಾಮು ಬಾಡಿಗೆಗೆ ಹಿಡಿದೆವು. ಕಾರ್ಬೈಡ್ ಹಾಕಿ ಹಣ್ಣು ಮಾಡುವುದಕ್ಕೆ ಕಾನೂನಿನ ನಿಷೇಧವಿದೆ. ಎಥಿಲೀನ್ ಗ್ಯಾಸಿಗೆ ಅನುಮತಿ ಇದೆ, ಹತ್ತು ಲಕ್ಷ ಭಾಗ ಗಾಳಿಗೆ 100 ಭಾಗದವರೆಗೆ. ಆದರೆ ಎಥಿಲೀನ್ ಬಿಟ್ಟರೆ ಸಾಲದು, ಕೋಣೆ 16ರಿಂದ 18 ಡಿಗ್ರಿಯಲ್ಲಿ ನಿಲ್ಲಬೇಕು. ಮಾಗಿಸದೆ ಕಾಯಿಯಾಗಿಯೇ ಇಡುವುದಾದರೆ 13-14 ಡಿಗ್ರಿ. ಅದಕ್ಕಿಂತ ಕೆಳಗಿಳಿದರೆ ಸಿಪ್ಪೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಹೊರಗೆ ಬೇಸಿಗೆಯಲ್ಲಿ 40 ದಾಟುವ ನಮ್ಮ ಊರಿನಲ್ಲಿ ಒಳಗೆ 16 ಹಿಡಿದಿಡುವುದು ಅಂದರೆ ಯಂತ್ರ ಹಗಲು ರಾತ್ರಿ ದುಡಿಯಬೇಕು.

ಗೋದಾಮಿನ ಓಣಿ ಇಕ್ಕಟ್ಟು. ಕಂಪ್ರೆಸರ್ ಇರುವ ಹೊರಗಿನ ಪೆಟ್ಟಿಗೆ ಇಡಲು ಕೆಳಗೆ ಜಾಗ ಸಿಗಲಿಲ್ಲ, ಮಾಳಿಗೆ ಮೇಲೆ ಇಡಿಸಿದೆವು. ಕೋಣೆಯೊಳಗಿನ ತಂಪಿನ ಸುರುಳಿಯಿಂದ ಮೇಲಿನ ಪೆಟ್ಟಿಗೆಗೆ 32 ಅಡಿ ಎತ್ತರ. ಫಿಟ್ಟರ್ ಹುಡುಗ ಮುಕ್ಕಾಲು ಇಂಚಿನ ತಾಮ್ರದ ಪೈಪು ತಂದಿದ್ದ. ಆಗ ನಾನೇ ಮುಂದೆ ಬಂದು, ‘ಇಷ್ಟು ಎತ್ತರಕ್ಕ ಸಣ್ಣ ಪೈಪ್ ಹಾಕ್ತೀಯೇನಪ? ಒಂದಿಂಚು ಹಾಕು, ರೊಕ್ಕ ನಾ ಕೊಡ್ತೀನಿ’ ಅಂದೆ. ಬೋರಿನ ನೀರು ದೂರದ ಹೊಲಕ್ಕೆ ಒಯ್ಯುವಾಗ ಪೈಪು ದಪ್ಪವಾದಷ್ಟೂ ಮೋಟಾರಿಗೆ ಹಗುರ ಎಂಬುದು ಮೂವತ್ತು ವರ್ಷದಿಂದ ಕಂಡದ್ದು. ಆ ಬುದ್ಧಿಯನ್ನು ಇಲ್ಲಿಗೂ ತಂದೆ. ಹುಡುಗ ಒಪ್ಪಿಬಿಟ್ಟ.

ಏಪ್ರಿಲ್‌ನ ಒಂದು ಮಧ್ಯಾಹ್ನ ಕಂಪ್ರೆಸರ್ ನಿಂತಿತು. ಬಾಳೆಕಾಯಿ ಮಾಗುವಾಗ ತಾನೇ ಬಿಸಿ ಬಿಡುತ್ತದೆ, ಮುಚ್ಚಿದ ಕೋಣೆ ಮರುದಿನದ ಹೊತ್ತಿಗೆ ಒಲೆಯಾಗಿತ್ತು. ಹಣ್ಣಿನ ಸಿಪ್ಪೆ ಬಣ್ಣ ಬರದೆ ಒಳಗಿನ ತಿರುಳು ಬೆಂದಂತೆ ಮೆತ್ತಗಾಗಿ ಹೋಯಿತು. ಜೂನಿನಲ್ಲಿ ಮತ್ತದೇ.

ಶಬ್ದ ಬಲ್ಲವನು ಒಬ್ಬ, ಕೆಲಸ ಬಲ್ಲವನು ಒಬ್ಬ

ಎರಡನೇ ಚೀಟಿ ಹಿಡಿದು ಮೊದಲು ಹೋದದ್ದು ನನ್ನ ತಂಗಿಯ ಮಗನ ಹತ್ತಿರ. ಅವನು ಐಟಿಐನಲ್ಲಿ ಫ್ರಿಜ್, ಎಸಿ ರಿಪೇರಿಯ ಟ್ರೇಡ್ ಓದುತ್ತಿದ್ದ. ಇಂಗ್ಲಿಷ್ ಶಬ್ದಗಳನ್ನೆಲ್ಲ ಸರಾಗ ಓದಿದ, ಆದರೆ ‘ಇದರಾಗ ನಮ್ಮ ಕೋಣೆದು ಏನ್ ತಪ್ಪು ಹೇಳು’ ಅಂದರೆ ತಡವರಿಸಿದ. ಇಬ್ಬರೂ ಸೇರಿ ನಗರದ ಹಳೆಯ ಉಸ್ತಾದರೊಬ್ಬರ ಅಂಗಡಿಗೆ ಹೋದೆವು. ಅವರಿಗೆ ಚೀಟಿ ಓದಲು ಬರುವುದಿಲ್ಲ. ಹುಡುಗ ಓದಿದ, ಉಸ್ತಾದರು ಒಂದು ಬೋಲ್ಟು ಬಿಚ್ಚುತ್ತ ಕೇಳಿಸಿಕೊಂಡರು. ‘ಪೆಟ್ಟಿಗಿ ಮ್ಯಾಲ ಅದ, ಕೋಣಿ ಕೆಳಗ ಅದ, ಪೈಪ್ ದಪ್ಪ ಅದ. ಎಣ್ಣಿ ಹೋಗ್ಲಕತ್ತದ, ವಾಪಸ್ ಬರ್ಲಕತ್ತಿಲ್ಲ. ಅಷ್ಟೇ ಅದರಾಗ ಬರ್ದಾರ ಕಾಕಾ’ ಅಂದರು. ಮೂರು ಸಾಲಿನ ಅರ್ಥ ಒಂದೇ ಉಸಿರಿಗೆ ಮುಗಿಯಿತು.

ಮುಂದೆ ಬರೆಯುವುದೆಲ್ಲ ಅವರಿಬ್ಬರಿಂದ ಕಲಿತದ್ದು.

ಕಂಪ್ರೆಸರ್ ಅಂದರೆ ಗ್ಯಾಸನ್ನು ಒತ್ತಿ ತಳ್ಳುವ ಪಂಪು. ಅದರ ಹೊಟ್ಟೆಯ ತಳದಲ್ಲಿ ಎಣ್ಣೆ ಇರುತ್ತದೆ. ಮನೆಯ ಸಾಮಾನ್ಯ ಎಸಿಯಲ್ಲಿ ಅರ್ಧ ಲೀಟರಿನ ಆಚೀಚೆ, ನಮ್ಮಂಥ ಯಂತ್ರದಲ್ಲಿ ಅದರ ಮೂರು ನಾಲ್ಕು ಪಟ್ಟು. ತಿರುಗುವ ಭಾಗಗಳು ಸವೆಯದಂತೆ ನೋಡಿಕೊಳ್ಳುವುದು ಇದರ ಕೆಲಸ. ಟ್ರ್ಯಾಕ್ಟರಿನ ಎಂಜಿನ್ ಆಯಿಲ್ ಎಂಜಿನ್ನಿನಲ್ಲೇ ಉಳಿಯುತ್ತದೆ. ಇಲ್ಲಿ ಹಾಗಲ್ಲ. ಗ್ಯಾಸಿನ ಜೊತೆ ಸ್ವಲ್ಪ ಎಣ್ಣೆ ಸದಾ ಹೊರಗೆ ಹಾರುತ್ತಲೇ ಇರುತ್ತದೆ. ಅದು ತಪ್ಪಲ್ಲ, ಯಂತ್ರದ ಸ್ವಭಾವ. ಹೋದ ಎಣ್ಣೆ ಇಡೀ ಸುತ್ತು ಹಾಕಿ ಹಿಂದಿರುಗಬೇಕು. ಹೊರಗಿನ ಪೆಟ್ಟಿಗೆಯ ಸುರುಳಿ, ಸಣ್ಣ ಪೈಪು, ಒಳಗಿನ ತಂಪು ಸುರುಳಿ, ಆಮೇಲೆ ದಪ್ಪ ಪೈಪಿನಿಂದ ಮತ್ತೆ ಕಂಪ್ರೆಸರ್. ಹೀಗೆ ಮರಳಿ ಬರುವುದಕ್ಕೆ ‘ಆಯಿಲ್ ರಿಟರ್ನ್’ ಎನ್ನುತ್ತಾರೆ. ಅಂಗಡಿಗೆ ಎಣ್ಣೆ ವಾಪಸ್ ಕೊಡುವ ಮಾತು ಅಂತ ನಾನು ತಿಳಿದಿದ್ದೆ. ಭಾವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಏಪ್ರಿಲ್‌ನ ಚೀಟಿಯಲ್ಲಿದ್ದ ‘ಆಯಿಲ್ ಚಾರ್ಜ್’ ಎಂಬುದನ್ನು ಎಣ್ಣೆಯ ಬಿಲ್ಲು ಅಂತ ಜಗಳಕ್ಕೆ ನಿಂತಿದ್ದ. ಚಾರ್ಜ್ ಅಂದರೆ ತುಂಬಿದ ಪ್ರಮಾಣ, ದರ ಅಲ್ಲ.

ಹೋಗುವಾಗ ತೊಂದರೆ ಇಲ್ಲ. ಕಂಪ್ರೆಸರಿನಿಂದ ಹೊರಡುವ ಗ್ಯಾಸು ಬಿಸಿ, ಒತ್ತಡದ್ದು. ಮುಂದೆ ಅದು ನೀರಿನಂತೆ ದ್ರವವಾದಾಗ ಎಣ್ಣೆ ಅದರಲ್ಲಿ ಕರಗಿಕೊಂಡು ಸುಲಭವಾಗಿ ಹರಿಯುತ್ತದೆ. ಕಷ್ಟ ಶುರುವಾಗುವುದು ಕೋಣೆಯೊಳಗಿನ ಸುರುಳಿಯಲ್ಲಿ. ಇದೇ ಚೀಟಿಯ ‘ಇವ್ಯಾಪೊರೇಟರ್’. ಅಲ್ಲಿ ದ್ರವ ಕುದಿದು ಗ್ಯಾಸಾಗಿ ಹೊರಟುಹೋಗುತ್ತದೆ, ಎಣ್ಣೆ ಕುದಿಯುವುದಿಲ್ಲ. ತಂಪಿಗೆ ಮಂದವಾಗಿ ಪೈಪಿನ ಗೋಡೆಗೆ ಅಂಟಿ ನಿಲ್ಲುತ್ತದೆ. ಅಲ್ಲಿಂದ ಅದನ್ನು ಎಳೆದು ತರಬೇಕಾದದ್ದು ಹಿಂದಿರುಗುವ ಗ್ಯಾಸಿನ ವೇಗ ಒಂದೇ.

ನಮ್ಮ ಕಾಲುವೆಯನ್ನೇ ನೆನೆಯಿರಿ. ನೀರು ಜೋರಾಗಿ ಹರಿದಾಗ ಹೂಳನ್ನೂ ಒಯ್ಯುತ್ತದೆ. ಕಾಲುವೆ ಅಗಲವಾದ ಕಡೆ ನೀರು ನಿಧಾನವಾಗುತ್ತದೆ, ಹೂಳು ಅಲ್ಲೇ ಕೂರುತ್ತದೆ. ತೊಗರಿ ತೂರುವಾಗಲೂ ಅಷ್ಟೇ, ಗಾಳಿ ಸತ್ತರೆ ಹೊಟ್ಟು ಕಾಳಿನ ಮೇಲೇ ಬೀಳುತ್ತದೆ. ಮುಕ್ಕಾಲು ಇಂಚಿನ ಜಾಗದಲ್ಲಿ ಒಂದಿಂಚು ಹಾಕಿದರೆ ಒಳಗಿನ ಜಾಗ ಹೆಚ್ಚು ಕಡಿಮೆ ಇಮ್ಮಡಿ, ಗ್ಯಾಸಿನ ವೇಗ ಅರ್ಧದ ಹತ್ತಿರ. ಮೇಲಕ್ಕೇರುವ ಪೈಪಿನಲ್ಲಿ ಗ್ಯಾಸು ಸೆಕೆಂಡಿಗೆ ಕನಿಷ್ಠ 5 ಮೀಟರ್ ಓಡಬೇಕು, ಅಡ್ಡ ಹೋಗುವ ಪೈಪಿನಲ್ಲಿ ಅದರ ಅರ್ಧವಾದರೂ ಸಾಕು ಎಂಬುದು ಈ ಕಸುಬಿನ ಲೆಕ್ಕ. ನನ್ನ ದಪ್ಪ ಪೈಪಿನಲ್ಲಿ ಗ್ಯಾಸು ಏರಿತು, ಎಣ್ಣೆ ಏರಲಿಲ್ಲ. ಹೊಲದ ಪೈಪಿನಲ್ಲಿ ಬರೀ ನೀರು ಹೋಗುತ್ತದೆ, ಇಲ್ಲಿ ಗ್ಯಾಸು ಇನ್ನೊಂದನ್ನು ಹೊತ್ತುಕೊಂಡು ಏರಬೇಕು. ಮೂವತ್ತು ವರ್ಷದ ಅನುಭವ ಕೈಕೊಟ್ಟದ್ದು ಅಲ್ಲೇ.

ಹೀಗೆ ಮರಳದ ಎಣ್ಣೆ ಕೋಣೆಯ ಸುರುಳಿಯಲ್ಲಿ ಜಮೆಯಾಗುವುದಕ್ಕೆ ‘ಆಯಿಲ್ ಲಾಗಿಂಗ್’ ಎಂದು ಹೆಸರು. ಗದ್ದೆಯಲ್ಲಿ ನೀರು ನಿಂತು ಜವುಳಾಗುವುದಕ್ಕೆ ಕೃಷಿ ಇಲಾಖೆಯವರು ‘ವಾಟರ್ ಲಾಗಿಂಗ್’ ಎನ್ನುತ್ತಾರಲ್ಲ, ಅದೇ ಲಾಗಿಂಗ್. ಸುರುಳಿಯ ಒಳಗೋಡೆಗೆ ಎಣ್ಣೆ ಲೇಪಿಸಿದರೆ ತಂಪು ಹೊರಗೆ ಬರುವುದಿಲ್ಲ. ನಮ್ಮ ಕೋಣೆ ಮಾರ್ಚ್‌ನಿಂದಲೇ ಮೊದಲಿನಷ್ಟು ತಣ್ಣಗಾಗುತ್ತಿರಲಿಲ್ಲ. ಬಿಸಿಲು ಜಾಸ್ತಿ ಅಂತ ಸುಮ್ಮನಿದ್ದೆವು. ಆಗಲೇ ಎಣ್ಣೆ ಕೆಳಗೆ ಕೂರತೊಡಗಿತ್ತು.

ಬೋನು ಅಲ್ಲದ ಟ್ರ್ಯಾಪ್

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸಿದ ಶಬ್ದ ‘ಆಯಿಲ್ ಟ್ರ್ಯಾಪ್’. ಡಿಕ್ಷನರಿಯಲ್ಲಿ ನೋಡಿದರೆ ಟ್ರ್ಯಾಪ್ ಅಂದರೆ ಬೋನು, ಬಲೆ. ಹಾಗಾದರೆ ಎಣ್ಣೆಯನ್ನು ಹಿಡಿದು ನಿಲ್ಲಿಸುವ ಯಾವುದೋ ಸಾಮಾನು, ಬೆಲೆ ಬಹಳ ಇರಬಹುದು ಅಂದುಕೊಂಡೆ. ಎಣ್ಣೆ ನಿಂತದ್ದರಿಂದಲೇ ಕೆಟ್ಟಿದೆ, ಮತ್ತೆ ಅದನ್ನು ಹಿಡಿಯುವ ಬೋನು ಯಾಕೆ?

ಅದು ಸಾಮಾನೇ ಅಲ್ಲ, ಪೈಪಿನ ಒಂದು ಬಾಗು. ಕೈತೊಳೆಯುವ ಬೇಸಿನ್ ಕೆಳಗೆ ಪೈಪು ಬಗ್ಗಿ ಮೇಲೇಳುತ್ತದಲ್ಲ, ಆ ಆಕಾರ. ಮೇಲಕ್ಕೇರುವ ಪೈಪನ್ನು ‘ರೈಸರ್’ ಎನ್ನುತ್ತಾರೆ, ಆ ರೈಸರಿನ ಬುಡದಲ್ಲಿ ಈ ಬಾಗು ಇರಬೇಕು. ಸುರುಳಿಯಿಂದ ಜಾರಿದ ಎಣ್ಣೆ ಬಾಗಿನಲ್ಲಿ ಸ್ವಲ್ಪ ಕೂಡಿಕೊಳ್ಳುತ್ತದೆ. ಕೂಡಿದಂತೆ ಗ್ಯಾಸಿಗೆ ದಾರಿ ಕಿರಿದಾಗುತ್ತದೆ, ಗ್ಯಾಸು ರಭಸವಾಗಿ ನುಗ್ಗಿ ಆ ಎಣ್ಣೆಯನ್ನು ಕಿತ್ತು ಪೈಪಿನ ಗೋಡೆಗುಂಟ ಮೇಲಕ್ಕೆ ತಳ್ಳುತ್ತದೆ. ಹಿಡಿಯುವುದು ಎತ್ತುವುದಕ್ಕಾಗಿ. ಬಹಳ ಎತ್ತರವಿದ್ದರೆ ಒಂದು ಬಾಗು ಸಾಲದು, ಏಣಿಯ ಮೆಟ್ಟಿಲಿನಂತೆ ನಡುನಡುವೆ ಇನ್ನಷ್ಟು ಬೇಕು. ಎಷ್ಟು ಮೀಟರಿಗೆ ಒಂದು ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ, ಜೊತೆಗೆ ಬರುವ ಪುಸ್ತಕದಲ್ಲಿ ಬರೆದಿರುತ್ತದೆ. ಬಾಗು ಚಿಕ್ಕದಾಗಿರಬೇಕು. ಉದ್ದ ಮಾಡಿದರೆ ಅದರಲ್ಲೇ ಬಹಳ ಎಣ್ಣೆ ನಿಲ್ಲುತ್ತದೆ. ರೈಸರಿನ ತುದಿಯಲ್ಲಿ ತಲೆಕೆಳಗಾದ ಬಾಗು ಕೊಡುತ್ತಾರೆ, ಏರಿದ ಎಣ್ಣೆ ಮತ್ತೆ ಕೆಳಗೆ ಸುರಿಯದ ಹಾಗೆ. ಅಡ್ಡ ಪೈಪಿಗೆ ಕಂಪ್ರೆಸರಿನ ಕಡೆ ಇಳಿಜಾರು ಇರಬೇಕು. ಹೊರಗಿನ ಪೆಟ್ಟಿಗೆ ಕೋಣೆಗಿಂತ ಕೆಳಗಿದ್ದರೆ ಎಣ್ಣೆ ತಾನೇ ಇಳಿದು ಬರುತ್ತದೆ, ಈ ಕಷ್ಟವಿಲ್ಲ.

ಉಸ್ತಾದರು ಬಂದು ಒಂದಿಂಚಿನ ಪೈಪು ತೆಗೆದು ಮುಕ್ಕಾಲಿನದು ಹಾಕಿದರು. ಫಿಟ್ಟರರ ಮಾತಿನಲ್ಲಿ ಎಂಟು ಸೂತ್ ಹೋಗಿ ಆರು ಸೂತ್ ಬಂತು. ಬುಡದಲ್ಲೊಂದು ಬಾಗು, ನಡುವೆ ಒಂದು, ತುದಿಗೆ ತಲೆಕೆಳಗಿನದು. ಹೊಸ ಕಂಪ್ರೆಸರ್ ಕೂಡಿಸುವ ಮೊದಲು ನೈಟ್ರೋಜನ್ ಗ್ಯಾಸ್ ಬಿಟ್ಟು ಕೋಣೆಯ ಸುರುಳಿ ತೊಳೆದರು. ಕೆಳಗೆ ಹಿಡಿದ ಲೀಟರಿನ ಬಾಟಲಿ ತುಂಬಿ, ಇನ್ನೊಂದಕ್ಕೂ ಅಷ್ಟಿಷ್ಟು ಬಂತು. ಎರಡು ಕಂಪ್ರೆಸರುಗಳ ಜೀವ ಅದರಲ್ಲಿತ್ತು ಅನ್ನಿ. ಬಾಗು, ಪೈಪು, ಕೂಲಿ ಸೇರಿ ಆದ ಖರ್ಚು ಕಂಪ್ರೆಸರಿನ ಬೆಲೆಯ ಕಾಲು ಭಾಗಕ್ಕೂ ಕಡಿಮೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ‘ಆಯಿಲ್ ಟಾಪ್ ಅಪ್’ ಅಂತ ಬಿಲ್ಲಿನಲ್ಲಿ ಕಂಡರೆ, ಮೊದಲಿನ ಎಣ್ಣೆ ಎಲ್ಲಿ ಹೋಯಿತು ಎಂದು ಕೇಳಿ. ಪೈಪು ಸೋರಿರದಿದ್ದರೆ ಅದು ಒಳಗೇ ಎಲ್ಲೋ ಕೂತಿದೆ. ದಾರಿ ಸರಿ ಮಾಡದೆ ಮೇಲೆ ಮೇಲೆ ಸುರಿದರೆ, ಕೂತದ್ದೆಲ್ಲ ಒಂದು ದಿನ ಒಟ್ಟಿಗೆ ನುಗ್ಗಿ ಬರುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಕಂಪ್ರೆಸರಿನ ಒಳಗಿನ ಭಾಗಗಳು ಮುರಿಯುತ್ತವೆ. ‘ಸ್ಲಗ್ಗಿಂಗ್’ ಅಂದರೆ ಇದು. ನಮಗೂ ಮೇ ತಿಂಗಳಿನಲ್ಲಿ ಟಾಪ್ ಅಪ್ ಮಾಡಿಹೋಗಿದ್ದರು, ನಾನು ಚಹಾ ಕುಡಿಸಿ ಕಳಿಸಿದ್ದೆ.

ಗ್ಯಾಸು ಗುಳೆ ಹೋಗುತ್ತದೆ

‘ರೆಫ್ರಿಜರೆಂಟ್ ಮೈಗ್ರೇಶನ್’ ಎಂಬ ಶಬ್ದವನ್ನು ಹುಡುಗ ಓದಿದಾಗ ನನಗೆ ನಗು ಬಂತು. ಮೈಗ್ರೇಶನ್ ನಮ್ಮ ಜಿಲ್ಲೆಗೆ ಹೊಸದಲ್ಲ, ಮಳೆ ಕೈಕೊಟ್ಟರೆ ಮುಂಬೈ, ಪುಣೆಗೆ ಗುಳೆ ಹೋಗುವ ಮಂದಿ ಪ್ರತಿ ಊರಲ್ಲೂ ಇದ್ದಾರೆ. ಯಂತ್ರದ ಗ್ಯಾಸೂ ಹೀಗೆ ಗುಳೆ ಹೋಗುತ್ತದೆ. ಯಂತ್ರ ನಿಂತಾಗ ಗ್ಯಾಸು ತಾನಾಗಿ ಎಲ್ಲಕ್ಕಿಂತ ತಂಪಾದ ಜಾಗಕ್ಕೆ ಸರಿಯುತ್ತದೆ. ಡಿಸೆಂಬರಿನ ರಾತ್ರಿ ಮಾಳಿಗೆ ಮೇಲಿನ ಕಂಪ್ರೆಸರ್ ತಣ್ಣಗೆ ಕೊರೆಯುತ್ತಿರುತ್ತದೆ, ಖಾಲಿ ಕೋಣೆ ಬೆಚ್ಚಗಿರುತ್ತದೆ. ಗ್ಯಾಸು ಮೇಲೆ ಹೋಗಿ ಎಣ್ಣೆಯೊಳಗೆ ಕರಗಿ ಕೂರುತ್ತದೆ. ಬೆಳಿಗ್ಗೆ ಬಟನ್ ಒತ್ತಿದೊಡನೆ ಒತ್ತಡ ಇಳಿದು, ಸೋಡಾ ಬಾಟಲಿ ಬಿಚ್ಚಿದಂತೆ ಎಣ್ಣೆ ನೊರೆಯಾಗಿ ಉಕ್ಕಿ ಹೊರಗೆ ಹಾರುತ್ತದೆ. ‘ಆಯಿಲ್ ಫೋಮಿಂಗ್’ ಇದರ ಹೆಸರು. ಆ ಕ್ಷಣ ಒಳಗಿನ ಭಾಗಗಳು ಒಣಗಿ ತಿರುಗುತ್ತವೆ.

ಇದನ್ನು ತಡೆಯಲೆಂದೇ ಹಲವು ಕಂಪ್ರೆಸರುಗಳ ಬುಡಕ್ಕೆ ಬೆಲ್ಟಿನಂಥ ಸಣ್ಣ ಹೀಟರ್ ಸುತ್ತಿರುತ್ತಾರೆ, ‘ಕ್ರ್ಯಾಂಕ್‌ಕೇಸ್ ಹೀಟರ್’. ತಂಪು ಮಾಡುವ ಯಂತ್ರಕ್ಕೆ ಬಿಸಿ ಪಟ್ಟಿ ಯಾಕೆ, ಕರೆಂಟು ದಂಡ ಅಂತ ನಾವು ಹಣ್ಣಿಲ್ಲದ ದಿನಗಳಲ್ಲಿ ಮೇನ್ ಸ್ವಿಚ್ಚನ್ನೇ ತೆಗೆದಿಡುತ್ತಿದ್ದೆವು. ಈಗ ಹಾಗೆ ಮಾಡುವುದಿಲ್ಲ. ಬಹಳ ದಿನ ಮೇನ್ ತೆಗೆದಿದ್ದರೆ, ಮತ್ತೆ ಶುರು ಮಾಡುವ ಹಿಂದಿನ ದಿನವೇ ಸ್ವಿಚ್ ಹಾಕಿ 12 ತಾಸು ಹೀಟರ್ ಕಾಯಲು ಬಿಡುತ್ತೇವೆ.

ಪದೇ ಪದೇ ನಿಂತು ಶುರುವಾಗುವುದೂ (‘ಶಾರ್ಟ್ ಸೈಕ್ಲಿಂಗ್’) ಎಣ್ಣೆಗೆ ಶತ್ರು. ಪ್ರತಿ ಸಲ ಶುರುವಾದಾಗ ಹೆಚ್ಚು ಎಣ್ಣೆ ಹೊರಗೆ ಹಾರುತ್ತದೆ, ಅದು ಮರಳಿ ಬರಲು ಕೆಲ ನಿಮಿಷವಾದರೂ ಯಂತ್ರ ಸತತ ಓಡಬೇಕು. ಕರೆಂಟು ಹೋಗಿ ಬಂದು ಮಾಡುವ ನಮ್ಮ ಕಡೆ ಕನಿಷ್ಠ ಮೂರು ನಿಮಿಷ ತಡೆದು ಶುರುವಾಗುವ ಟೈಮರ್ ಹಾಕಿಸಲೇಬೇಕು.

ಚೀಟಿಯಲ್ಲಿ ಕಾಣುವ ಇನ್ನಷ್ಟು

‘ಆಯಿಲ್ ಫೇಲ್ಯೂರ್’ ಅಂದರೆ ಎಣ್ಣೆ ಕೆಟ್ಟಿದೆ ಎಂದಲ್ಲ. ದೊಡ್ಡ ಕಂಪ್ರೆಸರುಗಳಲ್ಲಿ ಎಣ್ಣೆ ತಳ್ಳಲು ಬೇರೆ ಪಂಪು ಇರುತ್ತದೆ. ಅದರ ಒತ್ತಡ ಬಾರದಿದ್ದರೆ ಒಂದೂವರೆ ಎರಡು ನಿಮಿಷದಲ್ಲಿ ಒಂದು ಸ್ವಿಚ್ಚು ಯಂತ್ರವನ್ನು ನಿಲ್ಲಿಸುತ್ತದೆ. ಆ ಸ್ವಿಚ್ಚಿನ ಕೆಂಪು ಗುಂಡಿ ಒತ್ತಿದರೆ ಮತ್ತೆ ಓಡುತ್ತದೆ. ಕೆಲಸದವರಿಗೆ ಆ ಗುಂಡಿ ಒತ್ತುವುದೇ ರಿಪೇರಿ ಅನಿಸಿದರೆ ಯಂತ್ರ ಮುಗಿಯಿತು. ಇಂಥ ಕಂಪ್ರೆಸರುಗಳ ಹೊಟ್ಟೆಯಲ್ಲಿ ಗುಂಡಗಿನ ಗಾಜು ಇರುತ್ತದೆ, ‘ಸೈಟ್ ಗ್ಲಾಸ್’. ಓಡುವಾಗ ಎಣ್ಣೆ ಅರ್ಧದ ಸುಮಾರು ಕಾಣಬೇಕು. ನಮ್ಮಂಥ ಪೂರ್ತಿ ಮುಚ್ಚಿದ ಕಂಪ್ರೆಸರಿನಲ್ಲಿ ಸಾಮಾನ್ಯವಾಗಿ ಈ ಗಾಜು ಇರುವುದಿಲ್ಲ, ಆದ್ದರಿಂದ ಪೈಪಿನ ಕೆಲಸ ಇನ್ನೂ ಚೊಕ್ಕ ಇರಬೇಕು.

‘ಪಿಒಇ ಆಯಿಲ್’, ‘ಮಿನರಲ್ ಆಯಿಲ್’ ಎರಡು ಬೇರೆ ಜಾತಿ. ಹಳೆಯ ಆರ್-22 ಗ್ಯಾಸಿನ ಯಂತ್ರಗಳಲ್ಲಿ ಮಿನರಲ್ ಎಣ್ಣೆ ಇರುತ್ತಿತ್ತು. ಓಝೋನ್ ಪದರಕ್ಕಾಗಿ 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಆರ್-22 ಜಾಗ ಖಾಲಿ ಮಾಡುತ್ತಿದೆ, ನಮ್ಮ ದೇಶಕ್ಕೆ 2030ರ ಗಡುವು. ಆರ್-410ಎ, ಆರ್-404ಎ, ಆರ್-134ಎಯಂಥ ಗ್ಯಾಸುಗಳಿಗೆ ಪಿಒಇ ಎಣ್ಣೆ ಬೇಕು. ಮಿನರಲ್ ಎಣ್ಣೆ ಈ ಗ್ಯಾಸುಗಳಲ್ಲಿ ಸರಿಯಾಗಿ ಕರಗುವುದಿಲ್ಲ, ಕರಗದ ಎಣ್ಣೆ ಮರಳಿ ಬರುವುದಿಲ್ಲ. ಇದನ್ನೇ ‘ಮಿಸಿಬಿಲಿಟಿ’ ಎನ್ನುತ್ತಾರೆ, ಒಂದರಲ್ಲೊಂದು ಬೆರೆಯುವ ಗುಣ. ಪಿಒಇಗೆ ಇನ್ನೊಂದು ದೋಷ, ಗಾಳಿಯ ತೇವವನ್ನು ಉಪ್ಪಿನಂತೆ ಹೀರುತ್ತದೆ, ಹೀರಿ ಹುಳಿಯಾಗುತ್ತದೆ. ಆ ಹುಳಿ ಮೋಟಾರಿನ ಸುತ್ತನ್ನು ತಿನ್ನುತ್ತದೆ. ಮಳೆಗಾಲದಲ್ಲಿ ಪೈಪು ಕತ್ತರಿಸಿ ಬಾಯಿ ಮುಚ್ಚದೆ ಊಟಕ್ಕೆ ಹೋಗುವ ಫಿಟ್ಟರನ್ನು ಕಂಡರೆ ಸುಮ್ಮನಿರಬೇಡಿ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವಂಥ ದೊಡ್ಡ ಶೈತ್ಯಾಗಾರಗಳ ಸಂಗತಿ ಬೇರೆ. ಅಮೋನಿಯಾ ಬಳಸುವ ಕಡೆ ಎಣ್ಣೆ ಅದರಲ್ಲಿ ಕರಗುವುದಿಲ್ಲ, ಭಾರವಾಗಿ ತಳಕ್ಕೆ ಇಳಿಯುತ್ತದೆ. ಅಲ್ಲಿ ತಳದಿಂದ ಎಣ್ಣೆ ಇಳಿಸಿ ತೆಗೆಯುತ್ತಾರೆ, ‘ಆಯಿಲ್ ಡ್ರೈನಿಂಗ್’. ಎಣ್ಣೆಯ ಹಿಂದೆಯೇ ಅಮೋನಿಯಾ ನುಗ್ಗಿದರೆ ಕಣ್ಣು, ಉಸಿರು, ಜೀವಕ್ಕೇ ಅಪಾಯ. ತರಬೇತಿ ಇಲ್ಲದವರು ಆ ವಾಲ್ವಿಗೆ ಕೈ ಹಚ್ಚಬಾರದು.

ಖರ್ಚಿಲ್ಲದೆ ನಾವೇ ಮಾಡುವ ಒಂದು ಪರೀಕ್ಷೆ ಇದೆ. ಗ್ಯಾಸು ಕಣ್ಣಿಗೆ ಕಾಣದು, ಆದರೆ ಸೋರಿದ ಕಡೆ ಎಣ್ಣೆಯ ಕಲೆ ಬಿಟ್ಟು ಹೋಗುತ್ತದೆ. ವಾರಕ್ಕೊಮ್ಮೆ ಪೈಪಿನ ಜೋಡಣೆಗಳನ್ನು ನೋಡಿ. ಎಲ್ಲಿ ಧೂಳು ಜಿಡ್ಡಾಗಿ ಅಂಟಿದೆಯೋ ಅಲ್ಲೇ ಸೋರಿಕೆ. ‘ಗ್ಯಾಸ್ ಕಡಿಮಿ ಆಗ್ಯಾದ, ತುಂಬ್ತೀವಿ’ ಅನ್ನುವವರಿಗೆ ಆ ಜಾಗ ತೋರಿಸಿ, ಮೊದಲು ಅದನ್ನು ಮುಚ್ಚಿಸಿ.

ಮೂರನೇ ಕಂಪ್ರೆಸರ್ 2022ರ ಆಗಸ್ಟ್‌ನಿಂದ ಓಡುತ್ತಿದೆ. ಹೋದ ಬೇಸಿಗೆಯ ಮೊದಲು ಪಕ್ಕದ ಹೊಲದವರು ತಮ್ಮ ಕೋಣೆಗೆಂದು ಒಂದು ಕೊಟೇಶನ್ ತಂದು ತೋರಿಸಿದರು. ಮೂರು ಪುಟ ಇತ್ತು, ಪೈಪಿನ ಬಗ್ಗೆ ಬರೆದದ್ದು ‘ಪೈಪಿಂಗ್, ಲಂಪ್‌ಸಮ್’ ಎಂಬ ಎರಡೇ ಶಬ್ದ. ವಾಪಸ್ ಕಳಿಸಿ, ಎರಡು ಪೆಟ್ಟಿಗೆಗಳ ನಡುವಿನ ಎತ್ತರ ಎಷ್ಟು, ಹಿಂದಿರುಗುವ ಪೈಪು ಎಷ್ಟು ಇಂಚಿನದು, ಟ್ರ್ಯಾಪ್ ಎಷ್ಟು, ಎಲ್ಲೆಲ್ಲಿ, ಎಣ್ಣೆ ಯಾವ ಜಾತಿ, ಹೀಟರ್ ಇದೆಯೇ ಎಂದು ಬರೆಸಿಕೊಂಡು ಬನ್ನಿ ಅಂದೆ. ಎಂಟು ದಿನ ತಡವಾಗಿ ಬಂದ ಎರಡನೇ ಕೊಟೇಶನ್‌ನಲ್ಲಿ ಹೊರಗಿನ ಪೆಟ್ಟಿಗೆ ಮಾಳಿಗೆಯಿಂದ ಹಿತ್ತಲ ಕಟ್ಟೆಗೆ ಇಳಿದಿತ್ತು, ದರವೂ 6,000 ರೂಪಾಯಿ ಇಳಿದಿತ್ತು.